ಆರು ಮಿಲಿಮೀಟರ್ ವಾಟ

ಬೆಸಗರಹಳ್ಳಿ
12 ಆಗಸ್ಟ್ 2024

ಅರುಂಧತಿ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಎಂಟು ತಿಂಗಳಾಯಿತು. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ನು ಇನ್ನೂ ಬಂದಿಲ್ಲ, ಅದಕ್ಕೇ ಈ ಕಾಗದ. ನಿಮ್ಮ ಕೊಯಮತ್ತೂರಿನ ವರ್ಕ್‌ಶಾಪಿನಲ್ಲಿ ಇದನ್ನು ಓದಬಲ್ಲವಳು ನೀನೊಬ್ಬಳೇ. ಹರಿಯುವುದಾದರೂ ಓದಿಯೇ ಹರಿ.

ನನಗೆ ಮಗುವಾಗಿದೆ. ಎರಡು ತಿಂಗಳು ತುಂಬಿತು. ಬಾಣಂತನಕ್ಕೆ ಅವ್ವನ ಮನೆಯಲ್ಲಿದ್ದೇನೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. "ಬಾಣ್ತಿ ಕಣ್ಗೆ ಆಯಾಸ ಆದ್ರೆ ಮುಪ್ಪಲ್ಲಿ ಗೊತ್ತಾಯ್ತದೆ" ಎಂದು ಅವ್ವ ನನ್ನ ಫೋನನ್ನು ರಾಗಿ ಡಬ್ಬದ ಹಿಂದೆ ಇಟ್ಟಿದ್ದಾಳೆ. ಬರೆಯುವುದೂ ಕೂಡದಂತೆ. ಮಧ್ಯಾಹ್ನ ಅವಳು ಉಂಡು ಒಂದು ಗಳಿಗೆ ಒರಗಿದಾಗ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಮಗುವಿನ ಒದೆ.

ನನ್ನ ಗಂಡ ಅಂಬರೀಶ್ ಮಂಡ್ಯದ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಾರೆ, ಭಾನುವಾರ ಬರುತ್ತಾರೆ. ಅವರ ಫೋನಿನಲ್ಲಿ ನಿನ್ನ ಮೊದಲ ಸುತ್ತಿನ ರೇಸ್ ನೋಡಿದೆ, ಹೋದ ವರ್ಷ ನಿನಗೆ ಅಪಘಾತವಾದ ಅದೇ ಟ್ರ್ಯಾಕಿನದು. ಮೂರನೆಯವಳಾಗಿ ಹೊರಟು ಏಳನೆಯವಳಾಗಿ ಬಂದೆ. ನಾಲ್ಕು ಸಲ ತಿರುಗಿಸಿ ನೋಡಿದೆ. ಬಲತಿರುವುಗಳಲ್ಲಿ ಕಾರಿನ ಮೂತಿ ಒಳಕ್ಕೆ ಬರುತ್ತಿಲ್ಲ, ಹೊರಗೆ ಹೊರಗೆ ಹೋಗುತ್ತದೆ. ಎಡತಿರುವುಗಳಲ್ಲಿ ಮೂತಿ ಬರುತ್ತದೆ, ಹಿಂಭಾಗ ಅಲ್ಲಾಡುತ್ತದೆ, ನೀನು ಮೊದಲೇ ಆಕ್ಸಿಲರೇಟರಿನಿಂದ ಕಾಲೆತ್ತುತ್ತೀಯೆ. ಅದರಲ್ಲೂ ಐದನೇ ತಿರುವಿನಲ್ಲಿ. ನಾನು ಕೇಳಬಾರದ ತಿರುವು ಅದು ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ: ಕೊಯಮತ್ತೂರಿನಲ್ಲೂ ಹೀಗೇ ಆಗುತ್ತದೆಯೇ, ಅಥವಾ ಆ ಟ್ರ್ಯಾಕಿನಲ್ಲಿ ಮಾತ್ರವೇ?

ನಾನು ಸರಿಯಾಗಿ ನಿದ್ದೆ ಮಾಡಿ ಅರವತ್ತು ದಿನವಾಯಿತು. ಮಗು ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಡುತ್ತೇನೆ. ಲ್ಯಾಪ್ ಟೈಮ್ ಬರೆದಂತೆ ಹಾಲೂಡಿಸಿದ ಲೆಕ್ಕ ಬರೆಯುತ್ತೇನೆ: ಎಡಗಡೆ ಹದಿಮೂರು ನಿಮಿಷ, ಬಲಗಡೆ ಒಂಬತ್ತು. ನಿನಗೆ ನಗು ಬರಬಹುದು. ಬಂದರೆ ಒಳ್ಳೆಯದೇ.

ಪ್ರಿಯಾಂಕ


ಕೊಯಮತ್ತೂರು
30 ಆಗಸ್ಟ್ 2024

ಪ್ರಿಯಾಂಕ,

ಕಾಗದ ಬಂತು. ಹರಿಯಲಿಲ್ಲ.

ಮಗು ಹೆಣ್ಣೋ ಗಂಡೋ ಎಂದು ನೀನು ಬರೆಯಲೇ ಇಲ್ಲ. ಬೆರಳು ಮಡಚಿ ಎಣಿಸಿದೆ. ನವೆಂಬರಿನಲ್ಲಿ ನಿನಗೆ ಮೂರು ತಿಂಗಳು. ಹಗಲೆಲ್ಲ ಒಂದೇ ಗ್ಯಾರೇಜಿನಲ್ಲಿ ಇದ್ದೆವು, ಒಂದೇ ಡಬ್ಬಿಯಲ್ಲಿ ಉಂಡೆವು. ಒಂದು ಮಾತು ಹೇಳಲಿಲ್ಲ. ನಾನು ಮಣಿಕಟ್ಟು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ನಿನ್ನಿಂದ ಬಂದದ್ದು ಐದು ಪದ. "ಕೆಲಸ ಬಿಟ್ಟೆ. ಊರಿಗೆ ಹೊರಟೆ. ಕ್ಷಮಿಸು." ಮಂಡ್ಯದ ಕಾಲೇಜಿನಲ್ಲಿ ಇಬ್ಬರೂ ಸೇರಿ ಗುಜರಿ ಪೈಪು ಬೆಸೆದು ಕಾರು ಕಟ್ಟಿದವರು ನಾವು. ಐದು ಪದ ಕಣೇ.

ನಿನ್ನ ಪ್ರಶ್ನೆಗೆ ಉತ್ತರ: ಅಲ್ಲಿ ಮಾತ್ರ. ಇಲ್ಲಿ ಕಾರು ನಾನು ನೋಡಿದ ಕಡೆ ಹೋಗುತ್ತದೆ. ಅಲ್ಲಿ ನನ್ನ ಕಾಲು ತಾನಾಗಿಯೇ ಏಳುತ್ತದೆ. ಮಳವಳ್ಳಿಯಲ್ಲಿ ಅಪ್ಪನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನವರಿಗೂ ಒಂದು ಬ್ರೇಕ್ ಇತ್ತಲ್ಲ, ನಾನು ಜೋರಾಗಿ ತಿರುಗಿಸಿದರೆ ಅಪ್ಪ ಹೇಳದೆ ಕೇಳದೆ ಅದನ್ನು ಒತ್ತುತ್ತಿದ್ದರು. ಹಾಗೆ, ಯಾರೋ ಪಕ್ಕದಲ್ಲಿ ಕೂತು ಒತ್ತಿದಂತೆ. ನನಗೆ ಭಯ ಹತ್ತಿದೆ, ಪ್ರಿಯಾಂಕ. ಇದನ್ನು ಇಲ್ಲಿ ಯಾರ ಹತ್ತಿರವೂ ಹೇಳಿಲ್ಲ.

ಹೇಳುವ ಹಾಗೂ ಇಲ್ಲ. ಅಪಘಾತದ ವರದಿಯಲ್ಲಿ "ಚಾಲಕಿಯ ತಪ್ಪು, ತಿರುವಿನಲ್ಲಿ ಬೇಗ ವೇಗ ಕೊಟ್ಟದ್ದು" ಎಂದಿದೆ. ನಾನೂ ಸಹಿ ಹಾಕಿದ್ದೇನೆ. ನಮ್ಮ ತಂಡದ ಯಜಮಾನರು ಸಂಪತ್ ಕುಮಾರ್ ನಿನಗೆ ಗೊತ್ತಲ್ಲ, ಕೂಗಾಡುವುದಿಲ್ಲ, ಫೈಲು ತೋರಿಸುತ್ತಾರೆ. ಇನ್ನು ಮೂರು ಸುತ್ತು ಉಳಿದಿವೆ. ಎರಡು ಇಲ್ಲಿ, ಕೊನೆಯದು ನವೆಂಬರ್ 24ಕ್ಕೆ ಅಲ್ಲಿ. ಚಾಂಪಿಯನ್ ಆದರೆ ಮುಂದಿನ ವರ್ಷ ಸೀಟು ನನ್ನದು. ಇಲ್ಲದಿದ್ದರೆ ಬೇರೆಯವರದ್ದು.

ಅರುಂಧತಿ


ಬೆಸಗರಹಳ್ಳಿ
18 ಸೆಪ್ಟೆಂಬರ್ 2024

ಅರು,

ಹೆಣ್ಣು. ಚಂದನ. ನಿನ್ನ ಹಾಗೆಯೇ ಮುಷ್ಟಿ ಬಿಗಿ ಹಿಡಿದೇ ಮಲಗುತ್ತಾಳೆ.

ನವೆಂಬರಿನ ಬಗ್ಗೆ ಬರೆಯಬೇಕೆಂದು ಕೂತೆ. ಎರಡು ಹಾಳೆ ಬರೆದು ಒಲೆಗೆ ಹಾಕಿದೆ. ಸ್ವಲ್ಪ ದಿನ ತಾಳು.

ಈಗ ಕೈಲಾದದ್ದನ್ನು ಹೇಳುತ್ತೇನೆ. ಭಯ ಎಂದರೆ ಭಯವೇ ಇರಬಹುದು. ಆದರೆ ಭಯಕ್ಕೆ ಎಡ ಯಾವುದು ಬಲ ಯಾವುದು ಎಂದು ಗೊತ್ತಿರುವುದಿಲ್ಲ ಅಲ್ಲವೇ? ಹೆದರಿದವರು ಎಲ್ಲ ತಿರುವಿನಲ್ಲೂ ಹೆದರಬೇಕು. ಬಲಕ್ಕೆ ಮೂತಿ ಬಾರದಿರುವುದು, ಎಡಕ್ಕೆ ಹಿಂಭಾಗ ಜಾರುವುದು, ಇವೆರಡೂ ಭಯದ ಕೆಲಸವಲ್ಲ. ಅಲ್ಲಿಯ ರೇಸಿನ ಅಂಕಿಗಳನ್ನು ಕಳಿಸು. ಒಂದೇ ಅಗಲದ ಒಂದು ಬಲತಿರುವು, ಒಂದು ಎಡತಿರುವು ಆರಿಸಿಕೋ, ಎರಡರಲ್ಲೂ ಸ್ಟೀರಿಂಗ್ ಎಷ್ಟು ಡಿಗ್ರಿ ತಿರುಗಿಸಿದ್ದೀಯೆ ನೋಡಿ ಬರೆ. ನನ್ನ ಜಾಗಕ್ಕೆ ಬಂದಿರುವ ಎಂಜಿನಿಯರ್ ಸುದರ್ಶನ್ ಹತ್ತಿರ ಕೇಳಿದರೆ ಕೊಡುತ್ತಾನೆ. ನಾನು ಕೇಳಿದ್ದು ಎನ್ನಬೇಡ.

ಇಲ್ಲಿ ನನ್ನ ಅಂಕಿಗಳು ಕೆಟ್ಟಿವೆ. ಅಂಗನವಾಡಿಯ ಇಂದ್ರಮ್ಮ ಮೇಡಂ ಪ್ರತಿ ತಿಂಗಳು ಮಕ್ಕಳನ್ನು ತೂಗುತ್ತಾರೆ. ಹೋದ ತಿಂಗಳು ಚಂದನ ನಾಲ್ಕು ಕಿಲೋ ಆರುನೂರು ಗ್ರಾಂ ಇದ್ದಳು. ಮೊನ್ನೆ ನಾಲ್ಕು ಕಿಲೋ ಮುನ್ನೂರು. ಏರಬೇಕಾದ್ದು ಇಳಿದಿದೆ. ಮದ್ದೂರಿನ ಡಾಕ್ಟರು "ಮಗು ಚುರುಕಾಗಿದೆಯಲ್ಲಮ್ಮ" ಎಂದರು, ನನ್ನ ಮನಸ್ಸು ಅಂಕಿಯನ್ನೇ ಹಿಡಿದುಕೊಂಡಿದೆ. ಇಂದ್ರಮ್ಮ "ಬೇಜಾರ್ ಮಾಡ್ಕೋಬ್ಯಾಡ ಕಣವ್ವ, ಈ ತಿಂಗ್ಳು ಎಲ್ಲಾ ಮಕ್ಳೂವೆ ಸೊರಗವೆ, ಶೀತಗಾಳಿ" ಎಂದರು. ಅವ್ವ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಎಂದು ದಿನಕ್ಕೆ ಐದು ಸಲ ತಿನ್ನಿಸುತ್ತಿದ್ದಾಳೆ. ನನ್ನ ಹಾಲಿನಲ್ಲೇ ಏನೋ ಕಡಿಮೆಯಿದೆ. ನಾನು ಯಾವುದನ್ನೂ ಪೂರ್ತಿ ಮಾಡುವವಳಲ್ಲ ಎಂದು ಅನ್ನಿಸುತ್ತಿದೆ.

ಪ್ರಿಯಾಂಕ


ಕೊಯಮತ್ತೂರು
7 ಅಕ್ಟೋಬರ್ 2024

ಪ್ರಿಯಾಂಕ,

ಗೆದ್ದೆ. ಎರಡೂ ಸುತ್ತು. ಮೊದಲನೆಯದರಲ್ಲಿ ನಾಲ್ಕು ಸೆಕೆಂಡ್ ಮುಂದೆ. ನಿನ್ನೆಯದರಲ್ಲಿ ಇಪ್ಪತ್ತೆರಡನೇ ನಂಬರಿನ ಪುಣೆಯ ಹುಡುಗ ಕೊನೆಯ ತಿರುವಿನವರೆಗೂ ಬೆನ್ನಿಗೇ ಇದ್ದ, ಅವನ ಮೂತಿ ನನ್ನ ಹಿಂದಿನ ಚಕ್ರದ ಪಕ್ಕ ಕಾಣುತ್ತಿತ್ತು. ಬಿಡಲಿಲ್ಲ. ಈಗ ಅವನಿಗೂ ನನಗೂ ಎರಡೇ ಪಾಯಿಂಟ್ ವ್ಯತ್ಯಾಸ, ಅವನು ಮೇಲೆ. ನವೆಂಬರಿನ ರೇಸಿನಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರೇ ಚಾಂಪಿಯನ್.

ಗೆದ್ದ ಮೇಲೆ ರೇಡಿಯೋದಲ್ಲಿ ಸುದರ್ಶನ್ ಇಂಗ್ಲಿಷಿನಲ್ಲಿ ಅಭಿನಂದನೆ ಹೇಳಿದ. ಒಳ್ಳೆಯ ಹುಡುಗ, ಕೆಲಸ ಗೊತ್ತು. ಆದರೆ ಬೇರೆ ತಂಡದವರೆಲ್ಲ ನಮ್ಮ ರೇಡಿಯೋ ಕದ್ದು ಕೇಳುತ್ತಾರೆಂದು ನಾವಿಬ್ಬರೂ ಅಚ್ಚ ಮಂಡ್ಯ ಮಾತಿನಲ್ಲಿ ಮಾತಾಡುತ್ತಿದ್ದೆವಲ್ಲ. "ಬುಡ್ಬ್ಯಾಡ ಕಣೇ, ಒತ್ತು" ಎಂದು ನೀನು ಕಿರುಚಿದರೆ ಆ ಪುಣೆಯವರ ಎಂಜಿನಿಯರ್ ತಲೆ ಕೆರೆದುಕೊಳ್ಳುತ್ತಿದ್ದ. ನಿನ್ನೆ ಕೊನೆಯ ಲ್ಯಾಪಿನಲ್ಲಿ ನನಗೆ ನಾನೇ ಹಾಗೆ ಹೇಳಿಕೊಂಡೆ. ಹೆಲ್ಮೆಟ್ಟಿನೊಳಗೆ.

ನೀನು ಕೇಳಿದ ಅಂಕಿ: ಅಲ್ಲಿ ಬಲತಿರುವಿಗೆ ಐವತ್ತೆಂಟು ಡಿಗ್ರಿ, ಅಷ್ಟೇ ಅಗಲದ ಎಡತಿರುವಿಗೆ ಮೂವತ್ತೊಂಬತ್ತು. ಇಲ್ಲಿ ಎರಡಕ್ಕೂ ನಲವತ್ತೇಳು, ನಲವತ್ತೆಂಟು. ಸುದರ್ಶನ್ ಟೈರಿನ ಗಾಳಿ, ರೆಕ್ಕೆಯ ಕೋನ ಎಲ್ಲ ನೋಡಿದ. ಏನೂ ಸಿಗಲಿಲ್ಲ. ಕೊನೆಗೆ ನನ್ನ ಮುಖ ನೋಡಿ ಲ್ಯಾಪ್‌ಟಾಪ್ ಮುಚ್ಚಿದ. ಆ ನೋಟ ನನಗೆ ಗೊತ್ತು.

ಇದರ ಜೊತೆ ರೇಸಿನಲ್ಲಿ ನಾನು ಕಿವಿಗೆ ಹಾಕುವ ರಬ್ಬರ್ ಬಿರಡೆ ಒಂದು ಜೊತೆ ಇಟ್ಟಿದ್ದೇನೆ, ಹೊಸದು. ನಿನ್ನವ್ವನಿಗೆ ಮಗುವನ್ನು ಕೊಟ್ಟು, ಇದನ್ನು ಹಾಕಿಕೊಂಡು ಎರಡು ಗಂಟೆ ಮಲಗು. ಹತ್ತಿಗಿಂತ ಇದು ಮೇಲು ಎಂದು ಅವರಿಗೆ ಹೇಳು. ಚಂದನಳ ತೂಕ ಏನಾಯಿತು, ಬರೆ.

ಅರು


ಬೆಸಗರಹಳ್ಳಿ
19 ಅಕ್ಟೋಬರ್ 2024

ಅರು,

ಈ ಕಾಗದವನ್ನು ಒಬ್ಬಳೇ ಇದ್ದಾಗ ಓದು. ನಿಧಾನವಾಗಿ ಓದು. ಬೈಯುವುದನ್ನು ಕೊನೆಗೆ ಇಟ್ಟುಕೋ.

ಮೊನ್ನೆ ಗುರುವಾರ ಚಂದನಳನ್ನು ತೂಗಿಸಲು ಹೋಗಬೇಕಿತ್ತು. ನನಗೆ ಕಾಲು ಬರಲಿಲ್ಲ. ಮತ್ತೆ ಇಳಿದಿದ್ದರೆ ಎಂದು ಬೆಳಗ್ಗೆಯಿಂದ ಹಾಲಿನ ಲೆಕ್ಕವನ್ನೇ ತಿರುವಿ ತಿರುವಿ ಕೂಡುತ್ತಿದ್ದೆ. ಅಪ್ಪ "ನಡಿ, ನಾನೂ ಬತ್ತೀನಿ" ಎಂದು ಬಂದರು. ನನ್ನಪ್ಪ ಮರಿಸಿದ್ದಯ್ಯ ಗಾರೆ ಮೇಸ್ತ್ರಿ ಎಂದು ನಿನಗೆ ಗೊತ್ತು, ಕಾಲೇಜಿನಲ್ಲಿ ನಮ್ಮ ಕಾರು ನಿಲ್ಲಿಸಲು ಸಿಮೆಂಟು ಕಟ್ಟೆ ಹಾಕಿಕೊಟ್ಟವರು ಅವರೇ. ಅಂಗನವಾಡಿಯ ಒಳಕೋಣೆಯಲ್ಲಿ ಹೋದ ತಿಂಗಳಿಂದ ಆಹಾರದ ಮೂಟೆ ತುಂಬಿವೆ, ಅದಕ್ಕೆ ತಕ್ಕಡಿಯನ್ನು ಹೊರಗಿನ ಜಗುಲಿಗೆ ತಂದಿಟ್ಟಿದ್ದಾರೆ. ಚಪ್ಪಟೆ ಪೆಟ್ಟಿಗೆಯಂಥ ಕರೆಂಟಿನ ತಕ್ಕಡಿ, ಮೇಲೆ ಮಗು ಮಲಗಿಸುವ ತೊಟ್ಟಿ. ಚಂದನಳನ್ನು ಮಲಗಿಸಿದೆ. ನಾಲ್ಕು ಕಿಲೋ ನಾನೂರು. ಒಂದು ತಿಂಗಳಿಗೆ ಏರಿದ್ದು ಬರೀ ನೂರು ಗ್ರಾಂ.

ಅಪ್ಪ ಮಗುವನ್ನು ನೋಡಲಿಲ್ಲ. ಬಗ್ಗಿ ತಕ್ಕಡಿಯ ಕಾಲು ನೋಡಿದರು.

"ಅಲ್ಲ ಕಣ್ ಇಂದ್ರಮ್ಮ, ಇದ ಇಲ್ಲ್ಯಾಕ್ ಮಡಗಿದ್ದೀಯೆ?"

"ಇನ್ನೆಲ್ಲಿ ಮಡುಗ್ಲಿ ಮೇಸ್ತ್ರಿ, ನಿಮ್ಮನೆ ಅಟ್ಟದ ಮ್ಯಾಲಾ?"

"ಈ ಜಗ್ಲಿಗೆ ಚಪ್ಪಡಿ ಹಾಸ್ದೋನು ನಾನೇ ಕಣವ್ವ. ಮಳೆ ನೀರು ನಿಲ್ಬಾರ್ದು ಅಂತ ಈ ಮೂಲೆಗೆ ವಾಟ ಬುಟ್ಟಿವ್ನಿ. ನೋಡು, ಒಂದ್ ಕಾಲು ಸಂದಿಗಿಳ್ದದೆ, ಪೆಟ್ಗೆ ಹೊಟ್ಟೆ ಕಲ್ಲಿಗ್ ತಾಕದೆ. ಮಗೀನ ಭಾರ ಅರ್ಧ ತಕ್ಡಿ ಹೊರ್ತದೆ, ಇನ್ನರ್ಧ ಕಲ್ಲು ಹೊರ್ತದೆ. ಕಲ್ಲಿಗೆ ಲೆಕ್ಕ ಹೇಳಕ್ ಬತ್ತದಾ?"

ಇಂದ್ರಮ್ಮ ಮೂಟೆಗಳನ್ನು ಪಕ್ಕಕ್ಕೆ ಸರಿಸಿದರು. ಒಳಗಿನ ಸಮ ನೆಲದ ಮೇಲೆ ಇಟ್ಟು ಮತ್ತೆ ತೂಗಿದೆವು. ಐದು ಕಿಲೋ ಎಂಟುನೂರು. ನಾನು ಅಲ್ಲೇ ಮೂಟೆಯ ಮೇಲೆ ಕುಸಿದು ಕೂತು ಅತ್ತೆ. ಅಳುವುದು ಅಂದರೆ ನಿನ್ನ ಮುಂದೆಯೂ ಹಾಗೆ ಅತ್ತಿಲ್ಲ. ಊರಿನ ಮಕ್ಕಳೆಲ್ಲ ಒಂದೇ ತಿಂಗಳು ಒಟ್ಟಿಗೆ ಸೊರಗಿದರೆ ಕೆಟ್ಟಿರುವುದು ತಕ್ಕಡಿ ಎಂದು ಎಂಜಿನಿಯರಿಂಗ್ ಓದಿದ ನನಗೆ ಹೊಳೆಯಬೇಕಿತ್ತು. ತಾಯಿಗೆ ಹೊಳೆಯಲಿಲ್ಲ. ಅವಳು ತನ್ನದೇ ತಪ್ಪು ಎಂದು ನಂಬಿ ಕೂತಿದ್ದಳು.

ದಾರಿಯಲ್ಲಿ ಬರುವಾಗ, ಕೆರೆ ಏರಿಯ ಹತ್ತಿರ, ನನ್ನ ಕಾಲು ನಿಂತುಬಿಟ್ಟಿತು. ಐವತ್ತೆಂಟು, ಮೂವತ್ತೊಂಬತ್ತು. ಅರು, ನಿನಗೆ ಭಯವಿಲ್ಲ. ನೀನೂ ಯಾರದೋ ತಪ್ಪನ್ನು ನಿನ್ನದೆಂದು ನಂಬಿ ಕೂತಿದ್ದೀಯೆ. ಯಾರದೆಂದು ಹೇಳುತ್ತೇನೆ.

ರೇಸಿಗೆ ಮೊದಲು ಕಾರನ್ನು ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿ, ಒಂದೊಂದು ಚಕ್ರದ ಮೇಲೆ ಎಷ್ಟು ಭಾರ ಎಂದು ನೋಡಿ, ಸ್ಪ್ರಿಂಗ್ ಬಿಗಿಸಿ ಸಡಿಲಿಸಿ ಸಮ ಮಾಡುತ್ತೇವಲ್ಲ, ಅದಕ್ಕೆ ಮೊದಲು ನೆಲ ಮಟ್ಟವಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ತಗ್ಗಿನ ತಕ್ಕಡಿಯ ಕೆಳಗೆ ತಗಡು ಕೊಡಬೇಕು. ಹೋದ ನವೆಂಬರಿನಲ್ಲಿ ನಮಗೆ ಅಲ್ಲಿ ಹೊಸ ಗ್ಯಾರೇಜು ಸಿಕ್ಕಿತು. ನೆಲ ನೋಡುವ ಕೆಲಸ ನನ್ನದು. ಅವತ್ತು ಬೆಳಗ್ಗೆಯಿಂದ ಬಗ್ಗಿದರೆ ವಾಂತಿ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಟ್ರ್ಯಾಕಿನಿಂದ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ. ನೆಲ ಕಣ್ಣಿಗೆ ಸಮವಾಗಿಯೇ ಕಂಡಿತು. ಹಳದಿ ಬಣ್ಣದಲ್ಲಿ ನಾಲ್ಕು ಚೌಕ ಹೊಡೆದು, ಫೈಲಿನಲ್ಲಿ "ನೆಲ ಪರೀಕ್ಷಿಸಿದೆ, ತಗಡು ಬೇಡ" ಎಂದು ಬರೆದು ಸಹಿ ಹಾಕಿದೆ. ಪರೀಕ್ಷಿಸಿರಲಿಲ್ಲ.

ಗ್ಯಾರೇಜಿನ ನೆಲಕ್ಕೂ ಜಗುಲಿಯ ಹಾಗೆ ವಾಟ ಕೊಟ್ಟಿರುತ್ತಾರೆ, ತೊಳೆದ ನೀರು ಮೋರಿಗೆ ಓಡಲಿ ಎಂದು. ಮೋರಿ ಇರುವುದು ಬಲಗಡೆ ಹಿಂದಿನ ಮೂಲೆಯಲ್ಲಿ. ಅಲ್ಲಿಯ ತಕ್ಕಡಿ ತಗ್ಗಿಗೆ ಕೂತು ಭಾರ ಕಡಿಮೆ ತೋರಿಸಿತು. ನಾನು ಆ ಚಕ್ರದ ಸ್ಪ್ರಿಂಗ್ ಬಿಗಿಸಿ ಅಂಕಿ ಸಮ ಮಾಡಿದೆ. ಕಾಗದದ ಮೇಲೆ ಸಮ. ಟ್ರ್ಯಾಕಿನ ಮೇಲೆ ಕಾರು ಒಂದು ಕಾಲು ಉದ್ದವಾದ ಮಂಚ: ಬಲ ಹಿಂದಿನ ಚಕ್ರ, ಎಡ ಮುಂದಿನ ಚಕ್ರ, ಈ ಎರಡರ ಮೇಲೇ ನಿಲ್ಲುತ್ತದೆ. ಅಂಥ ಕಾರು ಬಲಕ್ಕೆ ತಿರುಗಲು ಒಲ್ಲೆ ಎನ್ನುತ್ತದೆ, ಎಡಕ್ಕೆ ತಿರುಗಿಸಿದರೆ ಹಿಂಭಾಗ ಎಸೆಯುತ್ತದೆ. ಐದನೇ ತಿರುವು ಎಡಕ್ಕೆ. ಅವತ್ತು ಮಳೆ ಬೇರೆ.

ಕಾರು ಗೋಡೆಗೆ ಹೊಡೆದು ಪುಡಿಯಾಗಿದ್ದರಿಂದ ಮತ್ತೆ ತೂಗಲು ಆಗಲಿಲ್ಲ. ಈ ವರ್ಷ ಸುದರ್ಶನ್ ನನ್ನ ಫೈಲನ್ನು ನಂಬಿ, ಅದೇ ಹಳದಿ ಚೌಕಗಳ ಮೇಲೆ ತಕ್ಕಡಿ ಇಟ್ಟ. ಕೊಯಮತ್ತೂರಿನಲ್ಲಿ ಮಟ್ಟ ಮಾಡಿದ ಕಟ್ಟೆಯಿದೆ, ಅದಕ್ಕೇ ಅಲ್ಲಿ ನೀನು ನೀನಾಗಿರುತ್ತೀಯೆ.

ನಿನ್ನ ಅಪಘಾತ ಆದ ದಿನ ಇದೆಲ್ಲ ನನಗೆ ಗೊತ್ತಿರಲಿಲ್ಲ. ಆದರೆ ನೆಲ ನೋಡಲಿಲ್ಲ ಎಂಬುದು ಗೊತ್ತಿತ್ತು. "ಚಾಲಕಿಯ ತಪ್ಪು" ಎಂದು ಅವರು ಬರೆಯುವಾಗ ಬಾಯಿ ಬಿಡಲಿಲ್ಲ. ಅದಕ್ಕೇ ಐದು ಪದ. ಅದಕ್ಕೇ ಓಡಿ ಬಂದದ್ದು. ಮಗುವಿನ ನೆಪ ನನಗೆ ನಾನೇ ಹೇಳಿಕೊಂಡೆ.

ಇದರ ಜೊತೆ ಸಂಪತ್ ಕುಮಾರ್ ಅವರಿಗೆ ಇಂಗ್ಲಿಷಿನಲ್ಲಿ ಬರೆದ ಕಾಗದವಿದೆ. ಎಲ್ಲವನ್ನೂ ಬರೆದು ಸಹಿ ಹಾಕಿದ್ದೇನೆ. ಲಕೋಟೆ ಅಂಟಿಸಿಲ್ಲ, ಓದಿ ಕೊಡು. ಬೇರೆ ಪಾರ್ಸೆಲ್ಲಿನಲ್ಲಿ ಅಪ್ಪನ ಪೈಪು ಬರುತ್ತದೆ. ಹದಿನೈದು ಅಡಿ ಬಣ್ಣವಿಲ್ಲದ ಪೈಪು, ಗಾರೆಯವರು ನೀರು ತುಂಬಿ ಎರಡು ತುದಿ ಎತ್ತಿ ಹಿಡಿದು ಮಟ್ಟ ನೋಡುವುದು. ಲೇಸರ್ ಬೇಕಿಲ್ಲ. ಒಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ. "ಆ ಹುಡ್ಗಿಗೆ ಹೇಳು, ಪೈಪ್ನ ಬಿಸ್ಲಲ್ಲಿ ಬುಡ್ಬ್ಯಾಡ, ವಾಪಸ್ ಬೇಕು ನಂಗೆ" ಎಂದಿದ್ದಾರೆ.

ಪ್ರಿಯಾಂಕ


ಬೆಸಗರಹಳ್ಳಿ
11 ನವೆಂಬರ್ 2024

ಅರು,

ಮೂರು ವಾರವಾಯಿತು. ಪಾರ್ಸೆಲ್ ತಲುಪಿದೆ ಎಂದು ಅಂಚೆಯ ಚೀಟಿ ಬಂದಿದೆ, ಕಾಗದ ಬಂದಿಲ್ಲ. ಬರೆಯಲೇಬೇಕೆಂದಿಲ್ಲ. ನೆಲ ಮಾತ್ರ ನೋಡು. ನನಗಾಗಿ ಅಲ್ಲ.

ಚಂದನ ಮಗುಚಿಕೊಂಡಳು. ಎಡಕ್ಕೆ ಮಾತ್ರ ಮಗುಚುತ್ತಾಳೆ, ಬಲಕ್ಕೆ ಇನ್ನೂ ಬಾರದು.

ಪ್ರಿ.


ಕೊಯಮತ್ತೂರು
26 ನವೆಂಬರ್ 2024

ಪ್ರಿಯಾಂಕ,

ನೀನು ನೋಡಿರುತ್ತೀಯೆ. ಆದರೂ ನಾನೇ ಹೇಳಬೇಕು.

ಮೊದಲು ಬೈಗುಳ. ನಿನ್ನ ಕಾಗದ ಓದಿ ಹೊಟ್ಟೆ ಉರಿಯಿತು. ಒಂದು ವರ್ಷ ಕಣೇ. ಒಂದು ವರ್ಷ ನನ್ನ ಕಾಲನ್ನೇ ನಾನು ನಂಬಲಿಲ್ಲ. ಅಪ್ಪ ಫೋನಿನಲ್ಲಿ "ಸಾಕು ಬುಡವ್ವ, ಮಳವಳ್ಳಿಗೆ ಬಾ, ಸ್ಕೂಲ್ ನಡ್ಸು" ಎನ್ನುವಾಗ ಹೂಂ ಎನ್ನುವಷ್ಟು ದೂರ ಬಂದಿದ್ದೆ. ನಿನಗೆ ಬರೆಯಲು ಕೂತರೆ ಪೆನ್ನು ಕಾಗದ ಹರಿಯುತ್ತಿತ್ತು. ಅದಕ್ಕೇ ಬರೆಯಲಿಲ್ಲ. ಹತ್ತು ದಿನ ಆ ಪೈಪನ್ನೂ ಬಿಚ್ಚಲಿಲ್ಲ.

ಹನ್ನೊಂದನೇ ದಿನ ಒಂದು ವಿಷಯ ಹೊಳೆಯಿತು. ನೀನು ಇದನ್ನು ಯಾರಿಗೂ ಹೇಳದೆ ಇರಬಹುದಿತ್ತು. ಕಾರು ಪುಡಿಯಾಗಿತ್ತು, ಸಾಕ್ಷಿ ಇರಲಿಲ್ಲ. ನನಗೂ ನನ್ನ ಭಯಕ್ಕೂ ಮದುವೆ ಮಾಡಿ ನೀನು ಹಾಯಾಗಿ ಇದ್ದುಬಿಡಬಹುದಿತ್ತು.

ಗುರುವಾರ ಅಲ್ಲಿಗೆ ಹೋದೆವು. ಸುದರ್ಶನ್ ಪೈಪನ್ನು ನೋಡಿ ಗಿಡಕ್ಕೆ ನೀರು ಹಾಕಬೇಕಾ ಎಂದ. ನಾನು ಒಂದು ತುದಿ ಹಿಡಿದೆ, ಅವನು ಒಂದು. ಮೂರು ಚೌಕ ಒಂದೇ ಮಟ್ಟ. ಬಲ ಹಿಂದಿನದು ಆರು ಮಿಲಿಮೀಟರ್ ಕೆಳಗೆ. ನಿನ್ನ ಮಗಳ ಕಿರುಬೆರಳಿನ ದಪ್ಪ ಇರಬಹುದು. ಸುದರ್ಶನ್ ಎರಡು ಸಲ ನೋಡಿದ, ಮೂರನೇ ಸಲ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಈ ಸಲ ಬೇರೆ ಥರ ನೋಡಿದ. ತಗಡು ಕೊಟ್ಟು ತೂಗಿ ಸ್ಪ್ರಿಂಗ್ ಸಡಿಲಿಸಿದೆವು. ಮಧ್ಯಾಹ್ನ ಟ್ರ್ಯಾಕಿಗೆ ಇಳಿದು ಐದನೇ ತಿರುವಿಗೆ ಬಂದೆ. ಕಾಲು ಏಳಲಿಲ್ಲ. ಕಾಯುತ್ತಿದ್ದೆ, ಈಗ ಏಳುತ್ತದೆ, ಈಗ ಏಳುತ್ತದೆ ಎಂದು. ಏಳಲೇ ಇಲ್ಲ. ಕಾರು ಹಳಿಯ ಮೇಲೆ ಹೋದಂತೆ ಹೋಯಿತು. ಹೆಲ್ಮೆಟ್ಟಿನೊಳಗೆ ಅಳುವುದು ಬಹಳ ಕಷ್ಟ, ಒರೆಸಿಕೊಳ್ಳಲು ಆಗುವುದಿಲ್ಲ.

ನಿನ್ನ ಕಾಗದವನ್ನು ಸಂಪತ್ ಸರ್‌ಗೆ ಅವತ್ತೇ ಕೊಟ್ಟೆ. ರೇಸಿನ ನಂತರ ಕೊಡೋಣ ಎಂದುಕೊಂಡಿದ್ದೆ. ಆದರೆ ಗೆದ್ದ ಮೇಲೆ ಕೊಟ್ಟರೆ ಅದು ಉದಾರತನ ಆಗುತ್ತಿತ್ತು. ನನಗೆ ನ್ಯಾಯ ಬೇಕಿತ್ತು. ಅವರು ಓದಿದರು, ಮಡಚಿ ಜೇಬಿಗಿಟ್ಟುಕೊಂಡರು.

ಭಾನುವಾರ ಎರಡನೆಯವಳಾಗಿ ಹೊರಟೆ. ಪುಣೆಯ ಹುಡುಗ ಮುಂದೆ. ಹನ್ನೆರಡು ಸುತ್ತು ಅವನ ಹಿಂದೆಯೇ ಇದ್ದೆ. ನಾನು ಐದನೇ ತಿರುವಿನಲ್ಲಿ ಕಾಲೆತ್ತುತ್ತೇನೆ ಎಂದು ಅವನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಅಲ್ಲಿ ಅವನು ಒಳದಾರಿಗೆ ಬಾಗಿಲು ಹಾಕುತ್ತಿರಲಿಲ್ಲ. ನಾನೂ ಹನ್ನೆರಡು ಸುತ್ತು ಬೇಕೆಂದೇ ಕಾಲೆತ್ತಿದೆ. ಹದಿಮೂರನೇ ಸುತ್ತು, ಇನ್ನೆರಡು ಬಾಕಿ. ಆಗ ರೇಡಿಯೋದಲ್ಲಿ ಸುದರ್ಶನನ ದನಿ, ಮಗು ಮಾತು ಕಲಿತಂತೆ: "ಬುಡ್... ಬ್ಯಾಡ... ಕಣೇ."

ನಿನ್ನ ಕಾಗದದಲ್ಲಿ ನಿನ್ನಪ್ಪನ ಪೈಪಿನ ಮಾತು ಅವನಿಗೆ ಓದಿ ಹೇಳುವಾಗ, ನೀನು ರೇಡಿಯೋದಲ್ಲಿ ಕಿರುಚುತ್ತಿದ್ದುದನ್ನೂ ಹೇಳಿದ್ದೆ. ಯಾವಾಗ ಕಲಿತನೋ.

ಬಿಡಲಿಲ್ಲ. ಒಳಗಿನಿಂದ ನುಗ್ಗಿದೆ. ಎರಡು ಕಾರೂ ಪಕ್ಕಪಕ್ಕದಲ್ಲೇ ತಿರುವಿನೊಳಗೆ ಹೋದವು, ಹೊರಗೆ ಬಂದಾಗ ನಾನು ಮುಂದಿದ್ದೆ. ಆಮೇಲೆ ಎರಡು ಸುತ್ತು ಕನ್ನಡಿಯಲ್ಲಿ ಅವನು ಚಿಕ್ಕದಾಗುತ್ತ ಹೋದ. ಬಾವುಟ ಕಂಡಾಗ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಗ್ಯಾರೇಜಿಗೆ ಬಂದಾಗ ಹುಡುಗರು ಪೈಪನ್ನು ಹಾರದ ಹಾಗೆ ನನ್ನ ಕೊರಳಿಗೆ ಹಾಕಿದರು. ಅದರೊಳಗಿನ ನೀರೆಲ್ಲ ನನ್ನ ಮೇಲೆ.

ಈ ವರ್ಷದ ಚಾಂಪಿಯನ್ ನಾನು, ಪ್ರಿಯಾಂಕ.

ಸಂಜೆ ಸಂಪತ್ ಸರ್ ಎಲ್ಲರನ್ನೂ ಕೂರಿಸಿ ಹೋದ ವರ್ಷದ ಫೈಲು ತರಿಸಿದರು. "ಚಾಲಕಿಯ ತಪ್ಪು" ಎಂಬ ಸಾಲಿನ ಮೇಲೆ ಎಲ್ಲರ ಎದುರಿಗೆ ಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಸೀಟು ನನ್ನದು. ಆಮೇಲೆ ನನ್ನನ್ನು ಕರೆದು "ತಾನು ನೆಲ ನೋಡಲಿಲ್ಲ ಎಂದು ಸಹಿ ಹಾಕಿ ಕಳಿಸಿದ ಎಂಜಿನಿಯರನ್ನು ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ. ಅವಳು ಮಾರ್ಚಿಗೆ ಬರುತ್ತಾಳೇನು ಕೇಳು" ಎಂದರು. ತೊಟ್ಟಿಲಿಗೆ ಜಾಗ ಮಾಡುತ್ತಾರಂತೆ.

ಕೋಪ ಪೂರ್ತಿ ಹೋಗಿಲ್ಲ. ಎದುರಿಗೆ ಸಿಕ್ಕಾಗ ಮಿಕ್ಕಿದ್ದನ್ನು ತೀರಿಸುತ್ತೇನೆ. ಬ್ಲಾಕ್ ತೆಗೆದಿದ್ದೇನೆ.

ಅರು


ಬೆಸಗರಹಳ್ಳಿ
6 ಡಿಸೆಂಬರ್ 2024

ಅರು,

ನೋಡಿದೆ. ಅವ್ವನೇ ಫೋನನ್ನು ರಾಗಿ ಡಬ್ಬದ ಹಿಂದಿನಿಂದ ತೆಗೆದುಕೊಟ್ಟಳು, "ಇವತ್ತೊಂದಿನ ಕಣ್ಣು ಹೋದ್ರೆ ಹೋಗ್ಲಿ" ಎಂದು. ಅಪ್ಪ, ಅವ್ವ, ಅಂಬರೀಶ್, ಚಂದನ, ಇಂದ್ರಮ್ಮ ಮೇಡಂ, ಎಲ್ಲ ಒಂದೇ ಮಂಚದ ಮೇಲೆ. ಹದಿಮೂರನೇ ಸುತ್ತಿನಲ್ಲಿ ನೀನು ಐದನೇ ತಿರುವಿಗೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಎಂಜಿನ್ನಿನ ಸದ್ದು ಮಾತ್ರ ಕೇಳಿದೆ. ಸದ್ದು ಇಳಿಯಲಿಲ್ಲ. ಒಂದಿಷ್ಟೂ ಇಳಿಯಲಿಲ್ಲ. ಕಣ್ಣು ಬಿಡುವ ಮೊದಲೇ ಗೊತ್ತಾಯಿತು.

ಅವತ್ತು ಸಂಜೆ ನಿನ್ನ ರಬ್ಬರ್ ಬಿರಡೆ ಹಾಕಿಕೊಂಡು ಮಲಗಿದೆ. ಎದ್ದಾಗ ಬೆಳಗ್ಗೆ ಏಳು ಗಂಟೆ. ಮಗುವಿನ ಮೂಗಿಗೆ ಬೆರಳಿಡಲಿಲ್ಲ. ಅವಳೇ ನನ್ನ ಮೂಗಿಗೆ ಬೆರಳು ಹಾಕಿ ಎಬ್ಬಿಸಿದಳು.

ಅಪ್ಪ ಅಂಗನವಾಡಿಯ ಜಗುಲಿಯಲ್ಲಿ ತಕ್ಕಡಿಯಷ್ಟಗಲ ಒಂದು ಕಟ್ಟೆ ಹಾಕಿದ್ದಾರೆ. ತೂಕದ ದಿನ ಇಂದ್ರಮ್ಮ "ಮೇಸ್ತ್ರಿ ಬರ್ಲಿ, ಆಮ್ಯಾಲ್ ತೂಗ್ತೀನಿ" ಎನ್ನುತ್ತಾರಂತೆ, ತಾಯಂದಿರೆಲ್ಲ ಕಾಯುತ್ತಾರಂತೆ. ಅಪ್ಪನಿಗೆ ಬಲೇ ಗತ್ತು ಬಂದಿದೆ. ಪೈಪು ವಾಪಸು ಬೇಡವಂತೆ, ಹೊಸದು ಕೊಂಡರು. ಅದು ಅಲ್ಲೇ ಗ್ಯಾರೇಜಿನಲ್ಲಿ ಇರಲಿ ಎಂದರು.

ಮಾರ್ಚಿಗೆ ಬರುತ್ತೇನೆ. ಅಂಬರೀಶ್ ಬೇಸಿಗೆ ರಜೆಗೆ ಬರುತ್ತಾರೆ, ಅಲ್ಲಿಯವರೆಗೆ ಅವ್ವ ಜೊತೆಗಿರುತ್ತಾಳೆ. "ಆ ಬೆಂಕಿ ಬಿರುಗಾಳಿಲಿ ಮಗೀಗೆ ಶೀತ ಆದ್ರೆ ನಿಮ್ಮಿಬ್ರನ್ನೂ ಬುಡಲ್ಲ" ಎಂದು ನಿನಗೂ ಸೇರಿಸಿ ಹೇಳಿದ್ದಾಳೆ. ಆ ಟ್ರ್ಯಾಕಿಗೆ ಬಂದ ದಿನ ನಾನು ಮಾಡುವ ಮೊದಲ ಕೆಲಸ ಹೇಳುತ್ತೇನೆ. ಸಂಪತ್ ಸರ್ ಹತ್ತಿರ ಹೋಗುವುದಿಲ್ಲ, ನಿನ್ನ ಹತ್ತಿರವೂ ಬರುವುದಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ಮಗುವನ್ನು ಅವ್ವನ ಕೈಗೆ ಕೊಟ್ಟು, ಮಂಡಿಯೂರಿ, ಬಗ್ಗಿ, ಆ ನಾಲ್ಕು ಚೌಕಗಳ ಮಟ್ಟ ನೋಡುತ್ತೇನೆ. ಪೈಪಿನ ಇನ್ನೊಂದು ತುದಿ ಹಿಡಿಯಲು ನೀನು ಇರಬೇಕು. ಬೈಯುವುದನ್ನು ಆಗಲೇ ಬೈದುಬಿಡು. ಇಬ್ಬರ ಕೈಯೂ ಕಟ್ಟಿಹೋಗಿರುತ್ತದೆ, ಒಬ್ಬರೂ ಓಡಿಹೋಗಲು ಆಗುವುದಿಲ್ಲ.

ಇವತ್ತಿನ ತೂಕ ಆರು ಕಿಲೋ ಏಳುನೂರು. ನಿನ್ನೆಯಿಂದ ಬಲಕ್ಕೂ ಮಗುಚುತ್ತಿದ್ದಾಳೆ.

ಪ್ರಿಯಾಂಕ